ಮೂರು ವರ್ಗಾವಣೆ, ಒಂದೇ ಸಾಗಣೆ ಸಂಸ್ಥೆ: ಆರು ವರ್ಷಗಳ ಬಳಕೆಯ ನಂತರದ ವಿಮರ್ಶೆ

ನಾನು ಸಾರ್ವಜನಿಕ ವಲಯದ ಬ್ಯಾಂಕೊಂದರ ಉದ್ಯೋಗಿ. 2018ರ ಜೂನ್‌ನಲ್ಲಿ ಬೆಂಗಳೂರಿನಿಂದ ಪುಣೆಗೆ, 2021ರ ಡಿಸೆಂಬರ್‌ನಲ್ಲಿ ಪುಣೆಯಿಂದ ಹೈದರಾಬಾದಿಗೆ, 2024ರ ಮೇ ತಿಂಗಳಲ್ಲಿ ಹೈದರಾಬಾದಿನಿಂದ ಮತ್ತೆ ಬೆಂಗಳೂರಿಗೆ ವರ್ಗಾವಣೆಯಾಯಿತು. ಮೂರು ಬಾರಿಯೂ ಎರಡು ಮಲಗುವ ಕೋಣೆಗಳ ಮನೆಯ ಸಾಮಾನನ್ನು ಸಾಗಿಸಿದ್ದು ಒಂದೇ ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಗಳಲೂ ದೂರಲೂ ಎರಡಕ್ಕೂ ಕಾರಣಗಳಿವೆ, ಮತ್ತು ಈ ವ್ಯಾಪಾರದಲ್ಲಿ ಒಂದೇ ಹೆಸರಿನ ಎರಡು ಶಾಖೆಗಳು ಎರಡು ಬೇರೆ ಸಂಸ್ಥೆಗಳಂತೆ ನಡೆದುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಸೇವೆಯ ಯಾವ ಭಾಗಕ್ಕೆ ಹಣ ಕೊಡುವುದು ಸಾರ್ಥಕ, ಯಾವುದಕ್ಕೆ ಅಲ್ಲ, ಮತ್ತು ಲಾರಿಯ ಬಾಡಿಗೆಯ ಆಚೆಗೆ ಎಷ್ಟು ಹಣವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು ಎಂಬುದಷ್ಟೇ ಈ ಬರಹದ ವಿಷಯ.

ಮೊದಲ ಬಾರಿ ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಅಂತರ್ಜಾಲದಲ್ಲಿ ದೂರವಾಣಿ ಸಂಖ್ಯೆ ತುಂಬಿದ ಹತ್ತು ನಿಮಿಷದೊಳಗೆ ಏಳೆಂಟು ಕರೆಗಳು ಬಂದವು. ಯಾರೂ ಮನೆಯನ್ನು ನೋಡದೆಯೇ, 22,000 ರೂಪಾಯಿಯಿಂದ 38,000 ರೂಪಾಯಿಯವರೆಗೆ ದರ ಹೇಳಿದರು. 22,000 ಹೇಳಿದವರ ಕೊಟೇಶನ್‌ನ ಕೊನೆಯಲ್ಲಿ ‘ಗಡಿ ತೆರಿಗೆ ಪ್ರತ್ಯೇಕ’ ಎಂಬ ಸಾಲೊಂದಿತ್ತು. ಜಿಎಸ್‌ಟಿ ಬಂದು ಒಂದು ವರ್ಷವೇ ಆಗುತ್ತಾ ಬಂದಿತ್ತು, ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು 2017ರಲ್ಲೇ ಮುಚ್ಚಿದ್ದವು, ಸರಕಿನ ಸಾಗಣೆಗೆ ಅಂತರ್ಜಾಲದಲ್ಲಿ ಪಡೆಯುವ ಇ-ವೇ ಬಿಲ್ಲಿನ ಅಗತ್ಯವೂ ಬಳಸಿದ ಮನೆಸಾಮಾನಿಗೆ ಇಲ್ಲ. ಹಾಗಿರುವಾಗ ಈ ತೆರಿಗೆ ಯಾವುದೆಂದು ಕೇಳಿದಾಗ ಆ ಕಡೆಯವರು ಕರೆಯನ್ನೇ ಕಡಿದರು. ಕಡಿಮೆ ದರದ ಉಳಿದ ಭಾಗ ಎಲ್ಲಿಂದ ಬರುತ್ತದೆ ಎಂಬುದು ಅಂದೇ ಅರ್ಥವಾಯಿತು: ಸಾಮಾನು ಅವರ ಲಾರಿಯೊಳಗೆ ಸೇರಿದ ಮೇಲೆ ನಿಮ್ಮ ಚೌಕಾಸಿಯ ಶಕ್ತಿ ಮುಗಿಯಿತು.

ಕೊನೆಗೆ ನಾನು ಆರಿಸಿಕೊಂಡ ಸಂಸ್ಥೆ ಅತಿ ಅಗ್ಗದ್ದೂ ಅಲ್ಲ, ದುಬಾರಿಯದೂ ಅಲ್ಲ. ಮನೆಗೆ ಬಂದು ನೋಡದೆ ದರ ಹೇಳುವುದಿಲ್ಲ ಎಂದವರು ಅವರೊಬ್ಬರೇ. ಬಂದ ಮೇಲ್ವಿಚಾರಕರು ಅಟ್ಟ, ಬಾಲ್ಕನಿ, ದೇವರ ಮನೆ, ಮಂಚದ ಕೆಳಗಿನ ಪೆಟ್ಟಿಗೆಗಳನ್ನೂ ಬಿಡದೆ ನೋಡಿ, ಸಾಮಾನಿನ ಪಟ್ಟಿ ಬರೆದು, ಒಟ್ಟು ಸುಮಾರು 640 ಘನ ಅಡಿ ಆಗುತ್ತದೆ, 14 ಅಡಿಯ ಲಾರಿ ಸಾಲದು, 17 ಅಡಿಯದು ಬೇಕು ಎಂದರು. 14 ಅಡಿಯ ಲಾರಿಯ ಡಬ್ಬಿಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ 500 ಘನ ಅಡಿ. ದೂರವಾಣಿಯಲ್ಲೇ ದರ ಹೇಳಿದವರೆಲ್ಲ ಅದನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಆ ಒಂದು ಗಂಟೆಯ ಸಮೀಕ್ಷೆಯೇ ಈ ಸೇವೆಯ ಅತ್ಯುತ್ತಮ ಭಾಗ ಎಂದು ಇಂದಿಗೂ ಹೇಳುತ್ತೇನೆ. ಮೂರು ವರ್ಗಾವಣೆಗಳಲ್ಲಿ ಒಮ್ಮೆಯೂ ಕೊಟೇಶನ್‌ಗಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ.

ಬ್ಯಾಂಕಿನವರಾದ ನಮಗೆ ಇನ್ನೊಂದು ಕಟ್ಟುಪಾಡಿದೆ. ಭಾರತೀಯ ಬ್ಯಾಂಕುಗಳ ಸಂಘ, ಅಂದರೆ ಐಬಿಎ, ಶಿಫಾರಸು ಮಾಡಿದ ಸಾಗಣೆದಾರರ ಬಿಲ್ಲು ಇದ್ದರೆ ನಮ್ಮಲ್ಲಿ ಖರ್ಚಿನ ಮರುಪಾವತಿ ಸಲೀಸು. ಈ ಕಾರಣಕ್ಕಾಗಿ ಊರಿನಲ್ಲಿರುವ ಪ್ರತಿಯೊಂದು ಸಾಗಣೆ ಸಂಸ್ಥೆಯ ಫಲಕದ ಮೇಲೂ ‘ಐಬಿಎ ಮಾನ್ಯತೆ’ ಎಂಬ ಮಾತು ಕಾಣುತ್ತದೆ. ಆದರೆ ಆ ಪಟ್ಟಿ ಹುಟ್ಟಿದ್ದು, ಸರಕು ಒಪ್ಪಿಸಿಕೊಂಡದ್ದಕ್ಕೆ ಸಾಗಣೆದಾರರು ಬರೆದುಕೊಡುವ ಲಾರಿ ರಸೀದಿಯ ಆಧಾರದ ಮೇಲೆ ಬ್ಯಾಂಕುಗಳು ವ್ಯಾಪಾರಿಗಳಿಗೆ ಸಾಲ ಕೊಡುವಾಗ ಯಾವ ಸಾಗಣೆದಾರರ ರಸೀದಿಯನ್ನು ನಂಬಬಹುದು ಎಂಬ ಪ್ರಶ್ನೆಯಿಂದ; ನಿಮ್ಮ ಅಜ್ಜಿಯ ಕಾಲದ ಪಿಂಗಾಣಿ ಭರಣಿಯನ್ನು ಚೆನ್ನಾಗಿ ಸುತ್ತುತ್ತಾರೆಯೇ ಎಂಬ ಪ್ರಶ್ನೆಯಿಂದಲ್ಲ. ಫಲಕವನ್ನು ನಂಬದೆ, ಸಂಸ್ಥೆಯ ಪೂರ್ಣ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ, ಬಿಲ್ಲಿನಲ್ಲಿ ಅದೇ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದ ಬಿಲ್ಲು ತಂದ ನನ್ನ ಸಹೋದ್ಯೋಗಿಯೊಬ್ಬರು ಮೂರು ತಿಂಗಳು ಪತ್ರ ಬರೆಯುತ್ತಲೇ ಇದ್ದರು.

ಪ್ಯಾಕಿಂಗ್ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾದದ್ದು. ಗಾಜು, ಪಿಂಗಾಣಿ, ಟಿವಿ, ಮರದ ಪೀಠೋಪಕರಣಗಳ ಕಟ್ಟುವಿಕೆಯಲ್ಲಿ ಕೊರತೆ ಹೇಳಲಾರೆ. ತೇಗದ ಬೀರುವಿನ ನಾಲ್ಕು ಮೂಲೆಗಳಿಗೆ ರಟ್ಟು, ಮೇಲೆ ಬಬಲ್ ಹಾಳೆ, ಅದರ ಮೇಲೆ ಗೋಣಿ ಹಾಕಿ ಹೊಲಿದದ್ದನ್ನು ನೋಡಿ ನನ್ನ ತಾಯಿಯವರೇ ಸಮಾಧಾನಪಟ್ಟರು. ಪುಸ್ತಕಗಳ ವಿಷಯದಲ್ಲಿ ಮಾತ್ರ ಮೂರು ಬಾರಿಯೂ ಜಗಳ: ದೊಡ್ಡ ಪೆಟ್ಟಿಗೆಯನ್ನು ಪೂರ್ತಿ ಪುಸ್ತಕಗಳಿಂದ ತುಂಬಿ, ಇಬ್ಬರಿಂದಲೂ ಎತ್ತಲಾಗದೆ, ತಳ ಕಿತ್ತುಹೋಗುತ್ತದೆ. ಈಗ ನಾನು ಪುಸ್ತಕಗಳನ್ನು ಎರಡು ವಾರ ಮೊದಲೇ ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬಿಡುತ್ತೇನೆ. ಅಡುಗೆಮನೆಯ ಉಪ್ಪಿನಕಾಯಿ, ಎಣ್ಣೆ, ತುಪ್ಪದ ಡಬ್ಬಿಗಳನ್ನು ಅವರು ಕಟ್ಟಿಕೊಡುತ್ತಾರೆ, ಆದರೆ ನಾವು ಅವನ್ನು ಅವರ ಕೈಗೆ ಕೊಡಬಾರದು. ಪುಣೆಗೆ ಬಂದಿಳಿದ ದಿನ ಮಾವಿನ ಮಿಡಿಯ ಉಪ್ಪಿನಕಾಯಿಯ ರಸ ಹಾಸಿಗೆಯ ಹೊದಿಕೆಗಳ ಪೆಟ್ಟಿಗೆಯಲ್ಲಿತ್ತು. ಫ್ರಿಜ್ಜನ್ನು ಹಿಂದಿನ ದಿನವೇ ಬಂದ್ ಮಾಡಿ, ಮಂಜು ಕರಗಿಸಿ ಒರೆಸಿಡದಿದ್ದರೆ ಅದರ ನೀರೂ ಪಕ್ಕದ ಪೆಟ್ಟಿಗೆಗಳಿಗೆ ಇಳಿಯುತ್ತದೆ.

ಇನ್ನು ದೊಡ್ಡ ದೂರು. ನಮ್ಮದು ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್. ಅಂಥ ಯಂತ್ರದ ಒಳಗಿನ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಸಾಗಿಸುವಾಗ ಅದು ಅಲುಗದಂತೆ ಹಿಂಬದಿಯಿಂದ ಉದ್ದನೆಯ ಬೋಲ್ಟುಗಳನ್ನು ಹಾಕಿ ಬಿಗಿಯಬೇಕು. ಹೊಸ ಯಂತ್ರದ ಜೊತೆಗೆ ಬರುವ ಆ ಬೋಲ್ಟುಗಳನ್ನು, ಯಂತ್ರ ಅಳವಡಿಸಲು ಬಂದವರು ತೆಗೆದಿಟ್ಟು ಹೋಗುತ್ತಾರೆ, ನಾವು ಗುಜರಿಗೆ ಹಾಕುತ್ತೇವೆ. 2018ರಲ್ಲಿ ಬೋಲ್ಟು ನನ್ನ ಬಳಿ ಇತ್ತು, ಆದರೆ ಅದನ್ನು ಹಾಕಬೇಕೆಂದು ನನಗೂ ಗೊತ್ತಿರಲಿಲ್ಲ, ಪ್ಯಾಕ್ ಮಾಡಿದವರೂ ಕೇಳಲಿಲ್ಲ. 840 ಕಿಲೋಮೀಟರ್ ದಾರಿ, ಕೊನೆಯಲ್ಲಿ ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟಿ. ಹೊರಗೆ ಒಂದು ಗೀರೂ ಇರಲಿಲ್ಲ. ಮೊದಲ ಬಾರಿ ಓಡಿಸಿದಾಗ ಯಂತ್ರ ಸ್ನಾನದಮನೆಯಿಂದ ಪಡಸಾಲೆಯ ಕಡೆಗೆ ನಡೆದುಕೊಂಡೇ ಬಂತು. ಲಾರಿಯ ಚಾಲಕರು ವಿಜಯಪುರದ ಕಡೆಯವರು, ಸಾಮಾನು ಇಳಿಸುವಾಗಲೇ “ಸರ, ಒಳಗ ಏನೋ ಬಡಕೊಳ್ಳಾಕತ್ತೈತ್ರಿ, ಬರದು ಸಹಿ ಮಾಡ್ರಿ” ಎಂದು ಎಚ್ಚರಿಸಿದ್ದರು. ನಾನು ದಣಿದಿದ್ದೆ, ‘ಸಾಮಾನು ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಹಾಗೆಯೇ ಸಹಿ ಹಾಕಿದೆ.

ಪರಿಹಾರ ಕೇಳಿದಾಗ ತಿಳಿದದ್ದು, ನಾನು ವಿಮೆ ಎಂದು ತಿಳಿದು ಕಟ್ಟಿದ್ದ, ಘೋಷಿತ ಮೌಲ್ಯದ ಶೇ. 3ರಷ್ಟು ಮೊತ್ತ ವಿಮೆಯೇ ಆಗಿರಲಿಲ್ಲ ಎಂಬುದು. ಬಿಲ್ಲಿನಲ್ಲಿ ಅದನ್ನು ‘ಎಫ್‌ಒವಿ’ ಎಂದು ಬರೆದಿದ್ದರು. ಅದು ಸಾಗಣೆದಾರರೇ ಹೊಣೆ ಹೊರಲು ಪಡೆಯುವ ಶುಲ್ಕ, ಹಿಂದೆ ಯಾವ ವಿಮಾ ಕಂಪನಿಯೂ ಇಲ್ಲ, ಪಾಲಿಸಿಯ ಸಂಖ್ಯೆಯೂ ಇಲ್ಲ. ‘ಒಳಗಿನ ಯಾಂತ್ರಿಕ ದೋಷಕ್ಕೆ ಹೊಣೆಯಿಲ್ಲ’ ಎಂಬ ನಿಯಮ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ನಾಲ್ಕು ಮಿಂಚಂಚೆಗಳ ನಂತರ ದುರಸ್ತಿಯ ಅರ್ಧ ಖರ್ಚು ಕೊಟ್ಟರು. ಕೊಡಬೇಕಾಗಿರಲಿಲ್ಲ ಎಂಬ ಧಾಟಿಯಲ್ಲೇ ಕೊಟ್ಟರು. 2021ರಲ್ಲಿಯೂ 2024ರಲ್ಲಿಯೂ ಎಫ್‌ಒವಿಯನ್ನು ಬಿಲ್ಲಿನಿಂದ ತೆಗೆಸಿ, ವಿಮಾ ಕಂಪನಿಯ ಹೆಸರಿನಲ್ಲೇ ಸಾಗಣೆ ಪಾಲಿಸಿ ಪಡೆದು, ಲಾರಿ ಹೊರಡುವ ಮೊದಲೇ ಅದರ ಪ್ರತಿ ಬರಬೇಕೆಂದು ಷರತ್ತು ಹಾಕಿದೆ. ಪಾಲಿಸಿಗಿಂತಲೂ ಮುಖ್ಯವಾದದ್ದು ಅದಕ್ಕೆ ಲಗತ್ತಿಸುವ, ವಸ್ತುವಾರು ಬೆಲೆ ಬರೆದ ಪಟ್ಟಿ. ಲಾರಿ ರಸೀದಿ, ಕೆಲವರು ಬಿಲ್ಟಿ ಎನ್ನುವುದು, ಇದನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ನಷ್ಟಕ್ಕಾಗಿ ಸಾಗಣೆದಾರರ ಮೇಲೆ ದಾವೆ ಹೂಡುವುದಾದರೆ ಬುಕ್ಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಹೊಸ ಊರಿಗೆ ಬಂದು ನೆಲೆಯೂರುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ಸಾಮಾನು ಹಿಡಿದಿಟ್ಟುಕೊಂಡು ಹೆಚ್ಚಿನ ಹಣ ಕೇಳುವವರ ವಿಷಯದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಊರಿನ ಆಯೋಗದಲ್ಲೇ ದೂರು ದಾಖಲಿಸಲು ಅವಕಾಶವಿದೆ.

ಈಗ ಹಣದ ಲೆಕ್ಕ. 2024ರ ಖರ್ಚನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಸಾಗಣೆ ಸಂಸ್ಥೆಯ ದರ 38,000, ಅದರ ಮೇಲೆ ಶೇ. 18ರ ಜಿಎಸ್‌ಟಿ 6,840, ಒಟ್ಟು 44,840 ರೂಪಾಯಿ. ಈ ದರವನ್ನು 41,000ದಿಂದ ಇಳಿಸಲು ನಾನು ಒಂದು ವಾರ ಚೌಕಾಸಿ ಮಾಡಿದ್ದೆ. ವಿಮೆ 4,500. ಎಸಿ, ನೀರಿನ ಶುದ್ಧೀಕರಣ ಯಂತ್ರ, ಪರದೆಯ ಕಂಬಿಗಳನ್ನು ಬಿಚ್ಚಿಸಿ ಮತ್ತೆ ಕೂರಿಸಲು 7,200. ಕುಟುಂಬದ ಪ್ರಯಾಣ ಮತ್ತು ಲಾರಿ ಬರುವವರೆಗಿನ ವಸತಿ 11,000. ಬೆಂಗಳೂರಿನ ಮನೆ ಸಿಕ್ಕ ದಿನದಿಂದ ನಾವು ಬಂದು ಸೇರುವ ದಿನದವರೆಗೆ ಹನ್ನೆರಡು ದಿನ ಎರಡೂ ಊರಿನಲ್ಲಿ ಬಾಡಿಗೆ. ಅದರ ಬಾಬ್ತು 12,000. ಹೈದರಾಬಾದಿನ ಮಾಲೀಕರು ಬಣ್ಣ ಬಳಿಸಲು ಹಿಡಿದುಕೊಂಡದ್ದು ಒಂದು ತಿಂಗಳ ಬಾಡಿಗೆ, 21,000. ಬೆಂಗಳೂರಿನ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, 30,000. ಒಟ್ಟು 1,30,540. ಅಂದರೆ ನಾನು ವಾರವಿಡೀ ಚೌಕಾಸಿ ಮಾಡಿದ ಬಾಬ್ತು ಇಡೀ ಖರ್ಚಿನ ಸುಮಾರು ಮೂರನೇ ಒಂದು ಭಾಗ. ಉಳಿದ ಎರಡು ಭಾಗಗಳ ಬಗ್ಗೆ ಒಂದು ಸಂಜೆಯೂ ಕುಳಿತು ಯೋಚಿಸಿರಲಿಲ್ಲ.

ಇದರ ಮೇಲೆ, ಖರ್ಚಲ್ಲದಿದ್ದರೂ ಕೈಯಿಂದ ಹೋಗುವ ಹಣವಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಮಾತಾಡಿ ಐದು ತಿಂಗಳಿಗೆ ಇಳಿಸಿದರೂ 1,50,000 ಆಯಿತು. ಹೈದರಾಬಾದಿನಲ್ಲಿ ನಾನು ಕೊಟ್ಟಿದ್ದುದು ಎರಡೇ ತಿಂಗಳದ್ದು, ಅದರಲ್ಲೂ ಬಣ್ಣದ ಹಣ ಕಳೆದು ಉಳಿದದ್ದು ಕೈಸೇರಿದ್ದು ನಲವತ್ತು ದಿನಗಳ ನಂತರ. ಬ್ಯಾಂಕಿನ ಮರುಪಾವತಿ ಇನ್ನೂ ತಡ, ಅದೂ ಲಾರಿ ಮತ್ತು ಪ್ರಯಾಣದ ಬಾಬ್ತಿಗೆ ಮಾತ್ರ. ಹೀಗಾಗಿ, ಹಳೆಯ ಮುಂಗಡದಲ್ಲೇ ಕಳೆದುಹೋದ ಬಣ್ಣದ ಹಣವನ್ನು ಲೆಕ್ಕಕ್ಕೆ ಹಿಡಿಯದೆಯೂ, ಮೇ ತಿಂಗಳೊಂದರಲ್ಲೇ ಸುಮಾರು 2,60,000 ರೂಪಾಯಿ ಬೇಕಾಯಿತು, ಮಗಳ ಶಾಲೆಯ ಶುಲ್ಕವನ್ನು ಬಿಟ್ಟು. ಪುಣೆಗೆ ಹೋಗುವಾಗ ಇದರ ತಿರುವುಮುರುವು: ಬೆಂಗಳೂರಿನ ದೊಡ್ಡ ಅಡ್ವಾನ್ಸ್ ವಾಪಸು ಬಂದು, ಅಲ್ಲಿಯ ಸಣ್ಣ ಮುಂಗಡ ಕೊಟ್ಟು, ಅಲ್ಲಿಗೆ ಹೋದ ಆ ತಿಂಗಳು ನಾವು ಶ್ರೀಮಂತರಂತೆ ಇದ್ದೆವು. ಯಾವ ಊರಿನಿಂದ ಯಾವ ಊರಿಗೆ ಎಂಬುದರ ಮೇಲೆ ಕೈಯಲ್ಲಿರಬೇಕಾದ ಹಣ ಬದಲಾಗುತ್ತದೆಯೇ ಹೊರತು ಕಿಲೋಮೀಟರಿನ ಮೇಲಲ್ಲ. ಹೈದರಾಬಾದಿನಿಂದ ಬೆಂಗಳೂರಿಗೆ 570 ಕಿಲೋಮೀಟರ್, ಆದರೂ ನನಗೆ ಅತಿ ಭಾರವಾದದ್ದು ಅದೇ.

ಸಣ್ಣ ಬಾಬ್ತುಗಳಲ್ಲಿ ಅಡುಗೆ ಅನಿಲದ್ದೊಂದು ಹೇಳಬೇಕು. ಸಿಲಿಂಡರನ್ನು ಯಾವ ಲಾರಿಯವರೂ ಒಯ್ಯುವುದಿಲ್ಲ, ಒಯ್ಯಲೂಬಾರದು. ಸಿಲಿಂಡರು, ರೆಗ್ಯುಲೇಟರು ಎರಡನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿದರೆ ಹಿಂದೆ ಕಟ್ಟಿದ ಠೇವಣಿಯಷ್ಟೇ ಮರಳುತ್ತದೆ, ಹೊಸ ಊರಿನಲ್ಲಿ ಈಗಿನ ದರದ ಠೇವಣಿ ಕಟ್ಟಬೇಕು. 14.2 ಕಿಲೋ ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ 1,450ರಿಂದ 2,200 ರೂಪಾಯಿಗೆ ಏರಿದೆ. ಮೊತ್ತ ದೊಡ್ಡದಲ್ಲ, ಆದರೆ ಬಿಟ್ಟುಬರುವ ದಿನ ಏಜೆನ್ಸಿಯಿಂದ ವರ್ಗಾವಣೆಯ ಕಾಗದ ಪಡೆಯದಿದ್ದರೆ ಹೊಸ ಊರಿನಲ್ಲಿ ವಾರಗಟ್ಟಲೆ ವಿದ್ಯುತ್ ಒಲೆಯೇ ಗತಿ.

ಸ್ಕೂಟರನ್ನು ಮೊದಲ ಬಾರಿ ಲಾರಿಗೆ ಹಾಕದೆ ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಿದೆ. ಪೆಟ್ರೋಲು ಪೂರ್ತಿ ಖಾಲಿ ಮಾಡಿಸಿ, ಗೋಣಿಯಿಂದ ಸುತ್ತಿಸಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಟ್ಟರೆ ಕೆಲಸ ಮುಗಿಯುತ್ತದೆ. ಸಂಸ್ಥೆ ಕೇಳಿದ್ದಕ್ಕಿಂತ ಅಗ್ಗವೂ ಆಯಿತು. ಕಷ್ಟವಾದದ್ದು ಕಾಗದಪತ್ರ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸುವ ವಾಹನಕ್ಕೆ ಅಲ್ಲಿನ ನೋಂದಣಿ ಬೇಕು. ಅದಕ್ಕೆ ಇಲ್ಲಿಯ ಆರ್‌ಟಿಓದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಲ್ಲಿ ಹೊಸ ತೆರಿಗೆ, ಆ ಮೇಲೆ ಇಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲಿಗೆ ಅರ್ಜಿ. ಹಳೆಯ ಸ್ಕೂಟರಿಗಾಗಿ ಇಷ್ಟೆಲ್ಲ ಓಡಾಡಿದ ಮೇಲೆ, ಹೈದರಾಬಾದಿಗೆ ಹೊರಡುವಾಗ ಅದನ್ನು ಪುಣೆಯಲ್ಲೇ ಮಾರಿಬಿಟ್ಟೆ.

ದಿನಾಂಕದ ಆಯ್ಕೆಯಿಂದ ಉಳಿಯುವ ಹಣ ಚೌಕಾಸಿಯಿಂದ ಉಳಿಯುವುದಕ್ಕಿಂತ ಹೆಚ್ಚು. ತಿಂಗಳ ಕೊನೆಯ ಮೂರು ದಿನ ಮತ್ತು ಮೊದಲ ಎರಡು ದಿನ ಎಲ್ಲರೂ ಮನೆ ಬದಲಿಸುತ್ತಾರೆ. ತಿಂಗಳ ನಡುವಿನ ಮಂಗಳವಾರಕ್ಕೆ ಅದೇ ಸಂಸ್ಥೆ ತಾನಾಗಿಯೇ ದರ ಇಳಿಸಿತು, ಅನುಭವವಿರುವ ಕೆಲಸಗಾರರೂ ಸಿಕ್ಕರು. 2021ರಲ್ಲಿ ಹಣ ಉಳಿಸಲು ಬೇರೆಯವರ ಸಾಮಾನಿನೊಂದಿಗೆ ಪಾಲುದಾರಿಕೆಯ ಲಾರಿ ಒಪ್ಪಿಕೊಂಡಿದ್ದೆ. ಎರಡು ದಿನದ ದಾರಿಗೆ ಒಂಬತ್ತು ದಿನ ಹಿಡಿಯಿತು, ಉಳಿಸಿದ್ದಕ್ಕಿಂತ ಹೆಚ್ಚನ್ನು ವಸತಿಗೃಹಕ್ಕೆ ಕೊಟ್ಟೆವು.

ಅಂಕ ಕೊಡುವುದಾದರೆ ಸಮೀಕ್ಷೆಗೆ ಐದಕ್ಕೆ ಐದು, ಪ್ಯಾಕಿಂಗಿಗೆ ಮೂರೂವರೆ, ಪರಿಹಾರ ವಿಭಾಗಕ್ಕೆ ಒಂದು. ಮುಂದಿನ ವರ್ಗಾವಣೆಯ ಆದೇಶ ಬಂದರೂ ಇದೇ ಸಂಸ್ಥೆಯನ್ನು ಸಮೀಕ್ಷೆಗೆ ಕರೆಯುತ್ತೇನೆ. ವಾಷಿಂಗ್ ಮಷಿನ್ನಿನ ಬೋಲ್ಟುಗಳು ಮಾತ್ರ ಆರ್‌ಸಿ, ಮನೆಪತ್ರಗಳಿರುವ ಕಪಾಟಿನಲ್ಲೇ ಒಂದು ಡಬ್ಬಿಯಲ್ಲಿವೆ. ಅವನ್ನು ಬಿಗಿಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.