5 ಕೆಜಿ ಲೋಡ್ ಸೆಲ್: ಕಲಬುರಗಿ ಬಿಸಿಲಿಗೂ ಬಗ್ಗಿಲ್ಲ

ಮಾಡೆಲ್ ವಿಮಾನದ ಮೋಟಾರ್ ನಿಜವಾಗಿ ಎಷ್ಟು ಎಳೆಯುತ್ತದೆ ಅಂತ ಅಳೆಯೋಕೆ 5 ಕೆಜಿ ಲೋಡ್ ಸೆಲ್ (ಭಾರ ಬಿದ್ದಾಗ ಸಣ್ಣ ವಿದ್ಯುತ್ ಸಂಕೇತ ಕೊಡುವ ಲೋಹದ ಪಟ್ಟಿ), ಆ ಸಂಕೇತವನ್ನು ಅಂಕಿಯಾಗಿಸುವ ಎಚ್ಎಕ್ಸ್711 ಬೋರ್ಡು, ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ ನ್ಯಾನೊ ಸೇರಿಸಿ ಮನೆಯಲ್ಲೇ ಸ್ಟ್ಯಾಂಡ್ ಕಟ್ಟಿಕೊಂಡಿದ್ದೇನೆ. ಬೇಸಿಗೆ, ಮಳೆಗಾಲ ಎರಡನ್ನೂ ಕಂಡಿದೆ. ಈ ಬೆಲೆಗೆ ಇಷ್ಟು ನಂಬಿಕೆಯ ಸಾಮಾನು ಅಪರೂಪ.

ಬುಡಕ್ಕೆ ಶಹಾಬಾದ್ ಪರಸಿಯ ತುಂಡು. ಮೋಟಾರ್ ಜೋರಾದಾಗ ಕಟ್ಟಿಗೆ ಹಲಗೆ ನಡುಗಿ ಅಂಕಿ ಕುಣಿಯುತ್ತದೆ, ಪರಸಿ ಮಿಸುಕೋದಿಲ್ಲ. ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಮೋಡ್ ಹಾಕಬೇಡಿ, ನೀರು ಹನಿಸುತ್ತ ನಿಧಾನಕ್ಕೆ ಹೋಗಿ, ಇಲ್ಲಾಂದ್ರೆ ಕಲ್ಲಿನ ಪದರು ಏಳುತ್ತದೆ. ಸೆಲ್ ನೆಟ್ಟಗೆ ನಿಲ್ಲಿಸಿ ಕೆಳತುದಿ ಬಿಗಿದು, ಮೇಲ್ತುದಿಗೆ ಮೋಟಾರ್ ಕೂರಿಸಿ. ಅದರ ಮೇಲಿನ ಬಾಣದ ಗುರುತು ಒತ್ತಡ ಬೀಳುವ ದಿಕ್ಕಿಗೇ ಇರಲಿ. ಪ್ರೊಪೆಲ್ಲರಿನ ಗಾಳಿ ಸ್ಟ್ಯಾಂಡಿಗೆ ಬಡಿದರೆ ಅಂಕಿ ಕಡಿಮೆ ಬರುತ್ತದೆ. ಅದಕ್ಕೇ ಪ್ರೊಪೆಲ್ಲರ್ ತಿರುವಿ ಹಾಕಿ, ಮೋಟಾರಿನ ಮೂರು ತಂತಿಯಲ್ಲಿ ಎರಡನ್ನು ಅದಲುಬದಲು ಮಾಡಿದ್ದೇನೆ, ಗಾಳಿ ಆಚೆಗೆ ಹೋಗುತ್ತದೆ.

ಸೆಲ್ ತೋರಿಸುವ ಅಂಕಿಯನ್ನು ನಿಜವಾದ ತೂಕಕ್ಕೆ ಹೊಂದಿಸೋಕೆ ಸ್ಟ್ಯಾಂಡನ್ನು ಅಡ್ಡ ಮಲಗಿಸಿ, ಬಾಣ ನೆಲಕ್ಕೆ ಮುಖಮಾಡಿರುವಂತೆ ಹಿಡಿದು, ಕಿರಾಣಿ ಅಂಗಡಿಯ ಮುದ್ರೆ ಒತ್ತಿದ 500 ಗ್ರಾಂ, 1 ಕೆಜಿ ತೂಕದ ಕಲ್ಲು ತೂಗುಹಾಕಿ. ತೊಗರಿಬೇಳೆ ಪಾಕೀಟು ಬೇಡ, ಕವರಿನ ತೂಕವೂ ಸೇರುತ್ತದೆ.

ಈಗ ಬಿಸಿಲಿನ ಮಾತು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಅಂದ್ರೆ ಯಾರೂ ಬೆಚ್ಚೋದಿಲ್ಲ. ಆ ಕಾವಿಗೆ ಸೆಲ್ಲಿನ ಸೊನ್ನೆ ಜರುಗುತ್ತದೆ. ಕರೆಂಟು ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು, ಪ್ರತಿ ಸಲ ಮೋಟಾರ್ ಓಡಿಸುವ ಮುಂಚೆ ಸೊನ್ನೆ ಮಾಡಿಕೊಳ್ಳಿ. ಸೆಲ್ ಸರಿಯಿದ್ದರೂ ಬಿಸಿಗಾಳಿ ತೆಳುವಾಗಿರುತ್ತದೆ. 15 ಡಿಗ್ರಿಯಲ್ಲಿ ಸಿಕ್ಕ ಥ್ರಸ್ಟು (ಮೋಟಾರಿನ ಎಳೆತ), ಅದೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟೇ ಸುತ್ತಿನಲ್ಲಿ) 42 ಡಿಗ್ರಿಗೆ ಸುಮಾರು ಶೇ. 8-9 ಇಳಿಯುತ್ತದೆ. ಮಾರುವವರ ಪಟ್ಟಿಯ ಅಂಕಿಯನ್ನೇ ನೆಚ್ಚಿಕೊಂಡು ಭಾರದ ವಿಮಾನ ಕಟ್ಟುವ ನಮ್ಮ ಹುಡುಗರಿಗೆ ಇದನ್ನು ಭಾಳ ಒತ್ತಿ ಹೇಳುತ್ತೇನೆ: ಮೇ ತಿಂಗಳ ಅಂಕಿಯನ್ನೇ ಲೆಕ್ಕಕ್ಕೆ ಹಿಡೀರಿ.

ಎಚ್ಎಕ್ಸ್711 ಬೋರ್ಡು ಮಾಮೂಲಾಗಿ ಸೆಕೆಂಡಿಗೆ 10 ಸಲ ಓದುತ್ತದೆ, ಥ್ರಸ್ಟ್ ಅಳೆಯೋಕೆ ಸಾಕು. ಕೊರತೆ ಅಂದ್ರೆ ಸೆಲ್ಲಿನ ನಾಲ್ಕು ತಂತಿ. ಕೂದಲಿನಷ್ಟು ತೆಳು, ನಡುಕಕ್ಕೆ ಬೆಸುಗೆ ಹತ್ತಿರವೇ ಕಡಿಯುತ್ತದೆ. ಬಿಸಿ ಅಂಟು ಹಚ್ಚಿ ಕಟ್ಟಿಹಾಕಿದ ಮೇಲೆ ತೊಂದರೆ ಬಂದಿಲ್ಲ.

ಪ್ರೊಪೆಲ್ಲರ್ ತಿರುಗುವ ಸಮತಲದ ನೇರಕ್ಕೆ ಯಾರೂ ನಿಲ್ಲಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಸುತ್ತ ಜಾಲರಿ ಇರಲಿ. 2212 ಅಳತೆಯ (ಒಳಗಿನ ಸ್ಟೇಟರ್ 22 ಮಿ.ಮೀ. ಅಗಲ, 12 ಮಿ.ಮೀ. ಎತ್ತರ) ಮೋಟಾರಿಗೆ ಈ 5 ಕೆಜಿ ಸೆಲ್ ಧಾರಾಳ. ಇದಕ್ಕಿಂತ ಭಾಳ ದೊಡ್ಡ ಮೋಟಾರಾದರೆ 10 ಕೆಜಿದೇ ತಗೊಳ್ರಿ.