ಶ್ರೀರಂಗಪಟ್ಟಣವೋ, ತಿ. ನರಸೀಪುರವೋ?

ಮೈಸೂರಿನಿಂದ ಒಂದು ದಿನಕ್ಕೆ ಕಾವೇರಿ ದಂಡೆಯ ಯಾವ ತಾಲ್ಲೂಕು ಎಂದು ಕೇಳಿದ್ದೀರಿ. ಹಿರಿಯರು ಜೊತೆಗಿದ್ದರೆ ಶ್ರೀರಂಗಪಟ್ಟಣ: ರೈಲು, ಬಸ್ಸು ಎರಡೂ ಉಂಟು, ರಂಗನಾಥನ ಗುಡಿ, ಕೋಟೆ, ಹೈದರ್-ಟಿಪ್ಪು ಸಮಾಧಿಯಾದ ಗುಂಬಜ್ ಹೆಚ್ಚು ದೂರವಿಲ್ಲ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ತುಸು ನಿಲ್ಲಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಸೈನ್ಯಕ್ಕೆ ಸೋತ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕೂತಿದ್ದಾನೆ, ಎಂಥ ಚಿತ್ರ ಅದು!

ಶಿಲ್ಪಕಲೆಯೇ ಮುಖ್ಯವಾದರೆ ನರಸೀಪುರ ತಾಲ್ಲೂಕು. ಸೋಮನಾಥಪುರದ ಕೇಶವ ದೇಗುಲ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಗಂಗರ ರಾಜಧಾನಿಯಾಗಿದ್ದ ತಲಕಾಡಿನಲ್ಲಿ ಗುಡಿಗಳೇ ಮರಳಿನಲ್ಲಿ ಹೂತಿದ್ದವು. ಆದರೆ ಊರುಗಳ ನಡುವೆ ದೂರ, ಸ್ವಂತ ಗಾಡಿ ಇಲ್ಲದಿದ್ದರೆ ಬಸ್ಸಿಗೆ ಕಾದೇ ಹೊತ್ತು ಹೋಗುತ್ತದೆ. ಮಧ್ಯಾಹ್ನ ಆ ಮರಳು ಕಾಲು ಸುಡುತ್ತದೆ, ಬೆಳಿಗ್ಗೆಯೇ ಹೋಗಿ.

ಮಕ್ಕಳಿಗೆ ಹಕ್ಕಿ ತೋರಿಸಬೇಕೆಂದರೆ ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು ಇದೆ.