ಕೋವಿ ತೊಳೆಯಲು ಥಿನ್ನರ್ ಬೇಡ: ಸಿರ್ಸಿ, ಕಾರವಾರದ ಪೇಟೆಯಲ್ಲಿ ಸಿಗುವ ಡಬ್ಬಿಗಳ ವಿಮರ್ಶೆ

ಬೆಳೆ ರಕ್ಷಣೆಯ ಕೋವಿ ಇರುವ ಮನೆಗಳಲ್ಲಿ ನಳಿಗೆ ತೊಳೆಯಲು ಮೊದಲು ಕೈಗೆ ಸಿಗುವುದು ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ (ಬಣ್ಣ ತೆಳುವಾಗಿಸುವ ದ್ರಾವಕ), ಇಲ್ಲವೇ ಬೈಕಿನ ಪೆಟ್ರೋಲ್. ಎರಡಕ್ಕೂ ಐದರಲ್ಲಿ ಒಂದು ಅಂಕ ಕೊಟ್ಟರೂ ಜಾಸ್ತಿ.

ಥಿನ್ನರ್ ಹಾಕಿದ ಚಿಂದಿ ಕಪ್ಪಗೆ ಹೊರಬರುತ್ತದೆ, ನಳಿಗೆ ಫಳಫಳ ಹೊಳೆಯುತ್ತದೆ. ಮೋಸ ಇರುವುದೇ ಆ ಹೊಳಪಿನಲ್ಲಿ. ಮಸಿಯ ಜತೆಗೆ ಕಬ್ಬಿಣದ ಮೇಲಿದ್ದ ಎಣ್ಣೆಯ ಪಸೆಯೂ ಪೂರ್ತಿ ಹೋಗಿರುತ್ತದೆ. ಥಿನ್ನರ್ ಬೇಗ ಆರುವಾಗ ಲೋಹದ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಆಷಾಢದ ತೇವದ ಗಾಳಿಯಲ್ಲಿ ಹಾಗೆ ತಣ್ಣಗಾದ ನಳಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ, ಬೆಳಗಾಗುವಷ್ಟರಲ್ಲಿ ಕೆಂಪು ಪುಡಿ. ಕುಮಟಾ, ಹೊನ್ನಾವರ, ಕಾರವಾರದ ಕಡಲಂಚಿನಲ್ಲಿ ಇದಕ್ಕೆ ಉಪ್ಪೂ ಸೇರುತ್ತದೆ. ಆ ಉಪ್ಪು ಥಿನ್ನರಿನಲ್ಲಿ ಕರಗುವುದಿಲ್ಲ, ಪೆಟ್ರೋಲಿನಲ್ಲೂ ಇಲ್ಲ.

12 ಬೋರಿನ (ಬೋರ್ ಎಂದರೆ ನಳಿಗೆಯ ಅಳತೆ) ತೋಟೆ ಕೋವಿಯವರು ಥಿನ್ನರ್ ಅಥವಾ ಅಸಿಟೋನ್ ಹಿಡಿಯುವುದು ಪ್ಲಾಸ್ಟಿಕ್ ವ್ಯಾಡಿನ, ಅಂದರೆ ತೋಟೆಯೊಳಗೆ ಮದ್ದಿಗೂ ಚರೆಗೂ ನಡುವಿರುವ ಬಿಲ್ಲೆಯ, ಗೆರೆ ತೆಗೆಯಲಿಕ್ಕೆ. ಆ ವ್ಯಾಡು ಪಾಲಿಥೀನಿನದು, ಮಾಮೂಲು ಉಷ್ಣತೆಯಲ್ಲಿ ಅಸಿಟೋನಿಗೆ ಜಗ್ಗುವುದೇ ಇಲ್ಲ. ಕರಗುವುದು ಮರದ ಹಿಡಿಯ ಚಂದ್ರಸ, ವಾರ್ನಿಷ್ ಮತ್ತು ನಳಿಗೆ ತುದಿಯ ಅಕ್ರಿಲಿಕ್ ಗುರಿಮಣಿ. ಗೆರೆ ಬಿಡಿಸುವ ಕೆಲಸ ಕಂಚಿನ ಬ್ರಷ್ಷಿನದು, ಸೀಸದ ಕಲೆಗೂ ಅದೇ ಮದ್ದು.

ಪೆಟ್ರೋಲಿನ ಅಪಾಯ ಬೇರೆ ತರದ್ದು. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಬೆಂಕಿ ಹತ್ತುವಷ್ಟು ಆವಿ ಬಿಡುವ ದ್ರವ ಅದು (ಅಸಿಟೋನಿಗೆ ಸುಮಾರು ಮೈನಸ್ 20, ಥಿನ್ನರಿನಲ್ಲಿರುವ ಟೊಲುವಿನ್‌ಗೆ 4 ಡಿಗ್ರಿ). ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಜಗಲಿಯಲ್ಲಿ ಕೂತು ತೊಳೆದರೂ ಅಡಿಕೆ ಸಿಪ್ಪೆ ಉರಿಯುವ ಬಚ್ಚಲ ಒಲೆಗೆ ಅದು ತಲುಪಬಹುದು. ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರವರೆಗೆ ಬೆಂಜೀನ್ ಇರಬಹುದು, ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಈಗ ಬೆರೆಸುವ ಎಥೆನಾಲ್ ಬೇರೆ ನೀರು ಹೀರುತ್ತದೆ.

ಆಸ್ಪತ್ರೆಯ ರಬ್ಬರ್ ಗ್ಲೌಸ್ ಹಾಕಿಕೊಂಡೆವೆಂಬ ಧೈರ್ಯ ಬೇಡ, ಪೆಟ್ರೋಲಿಗೆ ಅದು ಉಬ್ಬಿ ಹರಿಯುತ್ತದೆ. ನೈಟ್ರೈಲ್ ಗ್ಲೌಸ್ ಟರ್ಪಂಟೈನಿಗೆ ತಡೆಯುತ್ತದೆ, ಅಸಿಟೋನಿಗೆ ಕೆಲವೇ ನಿಮಿಷ.

ಅಮೋನಿಯಾ ಇರುವ ಬೋರ್ ಸಾಲ್ವೆಂಟನ್ನು (ನಳಿಗೆ ತೊಳೆಯುವ ದ್ರಾವಕ) ದುಡ್ಡು ಸುರಿದು ದೂರದಿಂದ ತರಿಸುವವರಿದ್ದಾರೆ. ಅದು ರೈಫಲ್ಲಿನ ತಾಮ್ರದ ಕವಚದ ಗುಂಡು ಬಿಟ್ಟ ಕಲೆಗೆ ಮಾಡಿದ್ದು. ಸೀಸದ ಚರೆ ಹಾರಿಸುವ ಕೋವಿಯಲ್ಲಿ ತಾಮ್ರವೇ ಇಲ್ಲದ ಮೇಲೆ ಅದಕ್ಕೇನು ಕೆಲಸ? 1903ರಿಂದ ಹೆಸರಾದ ಹಾಪ್ಪೀಸ್ ನಂ. 9 ಇವುಗಳಲ್ಲಿ ಸೌಮ್ಯ, ಮಸಿಗೆ ಒಳ್ಳೆಯದು, ಆದರೆ ನಿಕಲ್ ಲೇಪನದ ಭಾಗದ ಮೇಲೆ ಬಿಡಬಾರದು. ಅಮೋನಿಯಾ ಹಿತ್ತಾಳೆಗೂ ಆಗದು. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಪೂರ್ತಿ ಕುದುರೆ ಲಾಯದಲ್ಲಿಟ್ಟ ತೋಟೆಗಳ ಹಿತ್ತಾಳೆ ಬಿರುಕು ಬಿಟ್ಟದ್ದು ಮೂತ್ರದ ಅಮೋನಿಯಾದಿಂದಲೇ. ಕೊಟ್ಟಿಗೆಯ ಅಟ್ಟದಲ್ಲಿ ತೋಟೆ ಇಡುವವರು ಗಮನಿಸಿ.

ತುಕ್ಕು ತೆಗೆಯುವ ಆಸಿಡ್, ಹುಣಸೆಹುಳಿ, ಮುರುಗಲ ಸಿಪ್ಪೆ ಹಂಡೆ-ತಂಬಿಗೆಗೆ ಸರಿ. ನಳಿಗೆಯ ಕರಿನೀಲಿ ಬಣ್ಣವೂ ಒಂದು ಬಗೆಯ ಕಬ್ಬಿಣದ ಆಕ್ಸೈಡೇ ಆದ್ದರಿಂದ ಹುಳಿ ಎರಡಕ್ಕೂ ಭೇದ ಮಾಡದೆ ತಿನ್ನುತ್ತದೆ.

ಡಬ್ಲ್ಯುಡಿ-40 ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ನೀರು ಹೊರದಬ್ಬಲು ಅದಕ್ಕೆ ಮೂರು ಅಂಕ, ಮಳೆಗಾಲ ಪೂರ್ತಿ ಕಾಯಲು ಒಂದೇ. ಅದರಲ್ಲಿ ಹೆಚ್ಚು ಪಾಲು ಆರಿಹೋಗುವ ದ್ರಾವಕ, ಉಳಿಯುವ ಪಸೆ ತೆಳು. ತೋಟೆಯ ಹತ್ತಿರ ಸಿಂಪಡಿಸಿದರೆ ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನೊಳಗೆ ಇಳಿದು ಈಡು ಹುಸಿಯಾಗಬಹುದು.

ಹಾಗಾದರೆ ಕೊಳ್ಳುವುದೇನು? ಪೇಂಟ್ ಅಂಗಡಿಯ ಮಿನರಲ್ ಟರ್ಪಂಟೈನ್, 12 ಬೋರಿನ ಕಂಚಿನ ಬ್ರಷ್, ಹೊಲಿಗೆ ಯಂತ್ರದ ಎಣ್ಣೆ. ಟರ್ಪಂಟೈನಿನ ಆವಿಗೆ ಬೆಂಕಿ ಹತ್ತಲು 30 ಡಿಗ್ರಿಯಾದರೂ ಬೇಕು. ಮೇ ತಿಂಗಳ ಕಾರವಾರದ ಮಧ್ಯಾಹ್ನಕ್ಕೆ ಅದೂ ಪೂರಾ ನಿರಪಾಯವಲ್ಲ, ಬೆಳಗಿನ ತಂಪಿನಲ್ಲಿ ಹೊರಗೆ ಅಂಗಳದಲ್ಲೇ ತೊಳೆಯಿರಿ.

ಮೊದಲು ಕೋವಿಯನ್ನು ಸಂದಿನಲ್ಲಿ ಮಡಚಿ ತೆರೆದು ತೋಟೆ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ತೋಟೆಗಳನ್ನು ಬೇರೆ ಕೋಣೆಗೆ ಕಳಿಸಿ. ನಳಿಗೆ ಬಿಚ್ಚಿ. ನಳಿಗೆಯೊಂದಕ್ಕೆ 5-10 ಮಿಲಿ ಟರ್ಪಂಟೈನ್ ಸಾಕು. ಚಿಂದಿಯಲ್ಲಿ ಸವರಿ ಹತ್ತು ನಿಮಿಷ ಬಿಟ್ಟು, ತೋಟೆ ಹಾಕುವ ಕಡೆಯಿಂದ ಬ್ರಷ್ ತೂರಿಸಿ ತುದಿಯಲ್ಲಿ ಪೂರ್ತಿ ಹೊರಗೆ ತೆಗೆಯಿರಿ, ನಡುವೆ ತಿರುಗಿಸಿದರೆ ಎಳೆ ಮಡಚಿಕೊಳ್ಳುತ್ತವೆ. ಬಾಯಿ ಕೆಳಗೆ ಮಾಡಿ ಸೋರಿಸಿ, ಒಣ ಚಿಂದಿ ಬೆಳ್ಳಗೆ ಬರುವವರೆಗೆ ಒರೆಸಿ, ತಕ್ಷಣ ಎಣ್ಣೆ ಸವರಿ. ಮರುದಿನ ಇನ್ನೊಮ್ಮೆ ಒರೆಸಿದರೆ ಸಂದಿಯಿಂದ ಬೆವರಿದ ಮಸಿ ಸಿಗುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗಿ ಕೋವಿಯ ಕುದುರೆಯನ್ನೇ (ಈಡು ಹಾರಿಸುವ ಭಾಗ) ಹಿಡಿದುಬಿಡುತ್ತದೆ.

ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪಿನಿಂದ ಸಿಡಿಸುವ ಕೇಪಿನ ಕೋವಿಗೆ ಈ ಪಾಠ ಹೊಂದುವುದಿಲ್ಲ. ಕರಿಮದ್ದು ಉಳಿಸುವುದು ಪೊಟ್ಯಾಸಿಯಂ ಲವಣ, ಅದು ನೀರಿನಲ್ಲೇ ಕರಗಬೇಕು. ಮದ್ದು ತುಂಬಿಲ್ಲವೆಂದು ಗಜ (ಮದ್ದು ಜಡಿಯುವ ಕೋಲು) ಇಳಿಸಿ ಅಳೆದು ನೋಡಿದ ಮೇಲೆ ನಳಿಗೆಯನ್ನು ಮರದಿಂದ ಬಿಡಿಸಿ, ನಿಪ್ಪಲ್ (ಕೇಪು ಕೂರುವ ತೂತಿನ ಮೊಳೆ) ಕಳಚಿ. ಲೀಟರ್ ಬಿಸಿನೀರಿಗೆ ಒಂದು ಚಮಚ ಪಾತ್ರೆ ಸೋಪು ಹಾಕಿ ಬುಡವನ್ನು ಮುಳುಗಿಸಿ, ಗಜಕ್ಕೆ ಬಟ್ಟೆ ಕಟ್ಟಿ ಮೇಲೆ ಕೆಳಗೆ ಎಳೆಯಿರಿ, ನಿಪ್ಪಲ್ ತೂತಿನಿಂದ ನೀರು ತಾನೇ ಏರಿ ಇಳಿಯುತ್ತದೆ. ಕೊನೆಗೆ ಕುದಿನೀರು ಸುರಿದರೆ ಲೋಹ ಕಾದು ತಾನೇ ಒಣಗುತ್ತದೆ. ಆ ಬಿಸಿಯಿರುವಾಗಲೇ ಎಣ್ಣೆ.

ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸುವ ಮುಂಚೆ ಎಣ್ಣೆ ಸ್ವಲ್ಪ ದಪ್ಪಗೇ ಇರಲಿ, ರೆಕ್ಸಿನ್ ಚೀಲ ಬೇಡ. ಮರಳಿ ತಂದ ಮೇಲೆ ಈಡು ಹಾಕುವ ಮೊದಲು ನಳಿಗೆಯ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಲೇಬೇಕು. ತೊಳೆಯಲು ಬಳಸಿದ ಚಿಂದಿಯನ್ನು ಬಚ್ಚಲ ಒಲೆಗೆ ಹಾಕದೆ ಬಯಲಲ್ಲಿ ಹರವಿ ಒಣಗಿಸಿ. ಉಳಿದ ದ್ರಾವಕವನ್ನು ತೋಟದ ಕಾಲುವೆಗೆ ಚೆಲ್ಲಬೇಡಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಮಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮುಂದಿನ ಸಲಕ್ಕೆ ಬಳಸಬಹುದು.